ಪ್ರೊಜೆಕ್ಟರ್ ಕೊಳ್ಳುವ ಮುನ್ನ ಲುಮೆನ್ಸ್ ಕೇಳಿ

ಸಂಪಾದಕರಿಗೆ,

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಯಕ್ಷಗಾನದ ವೀಡಿಯೊ, ಫುಟ್‌ಬಾಲ್ ನೋಡಲೆಂದು ಮನೆಗೆ, ಕ್ಲಬ್ಬಿಗೆ ಪ್ರೊಜೆಕ್ಟರ್ ತರಿಸುವವರು ಗಮನಿಸಬೇಕಾದ ಸಂಗತಿಗಳಿವು. ಅಗ್ಗದ ಪೆಟ್ಟಿಗೆಗಳ ಮೇಲೆ ‘4ಕೆ ಸಪೋರ್ಟ್’, ‘10,000 ಲುಮೆನ್ಸ್’ (ಯಂತ್ರ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಎರಡನ್ನೂ ಹಾಗೇ ನಂಬಬೇಡಿ.

‘ಸಪೋರ್ಟ್’ ಎಂದರೆ 4ಕೆ ಎಂಬ ಅತಿ ಸ್ಪಷ್ಟ ವೀಡಿಯೊವನ್ನು ಯಂತ್ರ ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಪರದೆಗೆ ಬೀಳುವುದು ಚಿತ್ರ ಮೂಡಿಸುವ ಒಳಗಿನ ಪ್ಯಾನೆಲ್‌ನಲ್ಲಿರುವಷ್ಟೇ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ. ಆ ಪ್ಯಾನೆಲ್‌ನ ಪಿಕ್ಸೆಲ್ ಸಂಖ್ಯೆಯೇ ನೇಟಿವ್ ರೆಸೊಲ್ಯೂಷನ್. ‘ನೇಟಿವ್ ರೆಸೊಲ್ಯೂಷನ್ ಎಷ್ಟು?’ ಎಂದು ಕೇಳಿ. 100 ಇಂಚಿನ (ಮೂಲೆಯಿಂದ ಎದುರು ಮೂಲೆಗೆ ಅಳೆದ) ಪರದೆಗೆ 1920×1080 ಆದರೂ ಬೇಕು. 800×480 ಆದರೆ ಕಿರೀಟದ ಕನ್ನಡಿ ಚೂರು, ಮುಖವರ್ಣಿಕೆಯ ಸಣ್ಣ ಗೆರೆ ಎಲ್ಲ ಕಲಸಿಹೋಗುತ್ತವೆ.

ಬೆಳಕಿನ ವಿಷಯದಲ್ಲಿ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಅಥವಾ ಐಎಸ್‌ಒ 21118 (ಅಂತರರಾಷ್ಟ್ರೀಯ ಮಾನಕ) ಪ್ರಕಾರದ ಲುಮೆನ್ಸ್ ಮಾತ್ರ ಲೆಕ್ಕಕ್ಕೆ. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕೋಣೆ ಕತ್ತಲು ಮಾಡಿ, ಪೂರ್ತಿ ಬಿಳಿ ಚಿತ್ರ ಹಾಕಿ. ಪರದೆಯನ್ನು ಒಂಬತ್ತು ಚೌಕ ಮಾಡಿಕೊಂಡು ಪ್ರತಿಯೊಂದರ ನಡುವೆ ಲಕ್ಸ್ ಮೀಟರನ್ನು (ಒಂದು ಜಾಗಕ್ಕೆ ಬೀಳುವ ಬೆಳಕನ್ನು ಅಳೆಯುವ ಸಾಧನ) ಪ್ರೊಜೆಕ್ಟರ್ ಕಡೆ ಮುಖಮಾಡಿ ಹಿಡಿಯಿರಿ. ಸರಾಸರಿಯನ್ನು ಪರದೆಯ ವಿಸ್ತೀರ್ಣಕ್ಕೆ ಗುಣಿಸಿ. 100 ಇಂಚಿನ ಪರದೆ 2.21 ಮೀಟರ್ ಅಗಲ, 1.25 ಮೀಟರ್ ಎತ್ತರ, ಸುಮಾರು 2.76 ಚದರ ಮೀಟರ್. ಸರಾಸರಿ 180 ಲಕ್ಸ್ ಬಂದರೆ ಸುಮಾರು 500 ಲುಮೆನ್ಸ್. ಪೂರ್ತಿ ಕತ್ತಲ ಕೋಣೆಯಲ್ಲಿ, ಸಾಮಾನ್ಯ ಬಿಳಿ ಪರದೆಗೆ ಅಷ್ಟು ಸಾಕು. ಮೊಬೈಲ್ ಆ್ಯಪ್‌ನ ಅಳತೆ ಅಂದಾಜು ಮಾತ್ರ; ಆದರೂ 10,000 ಎಂಬುದು ಸುಳ್ಳೆಂದು ತಿಳಿಯಲು ಸಾಕಾಗುತ್ತದೆ.

ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಚೆಲ್ಲಲಾರದು. ಬೆಳಕು ಬೀಳದ ಜಾಗವೇ ಕಪ್ಪು. ನಮ್ಮ ಹಂಚಿನ ಮನೆಗಳ ಗಾಜಿನ ಹಂಚಿನಿಂದ ಹಗಲು ಬೆಳಕು ಇಳಿದರೆ ಕಪ್ಪೆಲ್ಲ ಬೂದು ಬಣ್ಣವಾಗುತ್ತದೆ, ಎಷ್ಟು ದುಬಾರಿ ಯಂತ್ರವಾದರೂ ಸರಿ. ಮೊದಲು ಅದನ್ನು ಮುಚ್ಚಿ. ಪರದೆಯ ಅಕ್ಕಪಕ್ಕದ ಸುಣ್ಣದ ಗೋಡೆಗೆ ಗಾಢ ಬಣ್ಣದ ಬಟ್ಟೆ ಕಟ್ಟಿ. ಚಿತ್ರದ ಸೆಟ್ಟಿಂಗ್‌ನಲ್ಲಿ ‘ಡೈನಾಮಿಕ್’ ಮೋಡ್ ಬಿಟ್ಟು ‘ಸಿನಿಮಾ’ ಮೋಡ್ ಇಡಿ. ಹೊಳಪು ಸ್ವಲ್ಪ ಇಳಿದರೂ ಮುಖದ ಬಣ್ಣಕ್ಕೆ ಹಸಿರು ಛಾಯೆ ಬರುವುದಿಲ್ಲ.

ಥ್ರೋ ರೇಷಿಯೋವನ್ನು (ಪ್ರೊಜೆಕ್ಟರ್‌ನ ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) ಪರದೆಯ ಅಗಲಕ್ಕೆ ಗುಣಿಸಿದರೆ ಇಡಬೇಕಾದ ದೂರ ಸಿಗುತ್ತದೆ. 100 ಇಂಚಿನ ಪರದೆಗೆ ಅದು 1.2 ಇದ್ದರೆ 2.65 ಮೀಟರ್, 1.5 ಇದ್ದರೆ 3.3 ಮೀಟರ್. ಹತ್ತಡಿ ಕೋಣೆಯಲ್ಲಿ ಎರಡನೆಯದಕ್ಕೆ 100 ಇಂಚು ಸಿಗದು. ಓರೆಯಾಗಿಟ್ಟು ಕೀಸ್ಟೋನ್‌ನಿಂದ (ಓರೆ ಚಿತ್ರವನ್ನು ನೇರ ಆಯತ ಮಾಡುವ ಸೌಲಭ್ಯ) ಸರಿಪಡಿಸುವುದೂ ಒಳ್ಳೆಯದಲ್ಲ, ಪಿಕ್ಸೆಲ್ ನಷ್ಟವಾಗಿ ಅಕ್ಷರದ ಅಂಚು ಮಸುಕಾಗುತ್ತದೆ.

ಫಿಲ್ಟರ್ ಇರುವ ಎಲ್‌ಸಿಡಿ ಯಂತ್ರದಲ್ಲಿ ಧೂಳು ಕಟ್ಟಿದರೆ ಗಾಳಿ ಓಡದೆ ಪೋಲರೈಸರ್ (ಪ್ಯಾನೆಲ್ ಬಳಿಯ ಬೆಳಕು ಸೋಸುವ ಹಾಳೆ) ಸುಟ್ಟು, ಚಿತ್ರದಲ್ಲಿ ಹಳದಿ ಕಲೆ ಬೀಳುತ್ತದೆ. ಆಗಾಗ ತೆಗೆದು ಸ್ವಚ್ಛ ಮಾಡಿ. ಮಳೆಗಾಲದಲ್ಲಿ ಬಳಸದಿದ್ದರೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ.

ಅಂಗಡಿಯವರು ನೇಟಿವ್ ರೆಸೊಲ್ಯೂಷನ್, ಆನ್ಸಿ ಲುಮೆನ್ಸ್ ಎರಡನ್ನೂ ಬೆಲೆಚೀಟಿಯಲ್ಲೇ ಹಾಕಬೇಕು. ಕೊಳ್ಳುವವರು ಅವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಲಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವಾಗ ಆ ಬಿಲ್ಲೇ ಆಧಾರ.

— ಪ್ರೊಜೆಕ್ಟರ್ ದುರಸ್ತಿಗಾರರು, ಬದಿಯಡ್ಕ