ಬೆಳಗಿನ ಐದೂವರೆಯ ತುಮಕೂರು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ತುಮಕೂರು ನಗರದ ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಎಸ್.ಎಸ್. ಪುರಂ ನಿವಾಸಿ. ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಐದೂವರೆಗೆ ಸೈಕಲ್ ಹತ್ತುತ್ತೇನೆ. ಆರೋಗ್ಯಕ್ಕೆ ಅಂತ ಅರ್ಧ ಗಂಟೆ ಶುರು ಮಾಡಿದ್ದು, ಈಗ ಒಂದೂವರೆ ಗಂಟೆ ಆಗಿದೆ. ಊರು ನೋಡುತ್ತಾ ಹೊರಟರೆ ವಾಪಸ್ ಬರಲು ಮನಸ್ಸೇ ಬರುವುದಿಲ್ಲ.

ಹುಟ್ಟಿ ಬೆಳೆದ ಊರು ಇದು. ಆದರೂ ಸರಿಯಾಗಿ ನೋಡಿದ್ದು ಸೈಕಲ್ ಮೇಲೇನೇ. ಹಗಲು ಬಿ.ಎಚ್. ರಸ್ತೆಯಲ್ಲಿ ಹೋದರೆ ಕಣ್ಣೆಲ್ಲ ಮುಂದಿನ ಬಸ್ಸಿನ ಮೇಲೆ. ಬೆಳಗ್ಗೆ ಭದ್ರಮ್ಮ ಛತ್ರದ ಸರ್ಕಲ್‌ನಲ್ಲಿ ಆರಾಮಾಗಿ ಕಾಲೂರಿ ನಿಲ್ಲಬಹುದು. ಬೆಂಗಳೂರಿನಿಂದ ಹೊನ್ನಾವರದ ಸಮುದ್ರದವರೆಗೆ ಹೋಗೋ ರಸ್ತೆ ಇದು, ಅದಕ್ಕೇ ಈ ಹೆಸರು ಅನ್ನುವುದು ನನಗೆ ಹೊಳೆದದ್ದು ಹಾಗೆ ನಿಂತಾಗಲೇ. ಚಿಕ್ಕಪೇಟೆಗೆ ತಿರುಗಿದರೆ ಆಗ ತಾನೇ ನೀರು ಚಿಮುಕಿಸಿದ ನೆಲದ ವಾಸನೆ. ರಂಗೋಲಿ ಹಾಕುವವರು ತಲೆ ಎತ್ತದೆ ಬಕೆಟ್ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾರೆ. ಅಮಾನಿಕೆರೆ ಹತ್ತಿರ ಗಾಳಿ ಒಂದೇ ಸಲ ತಣ್ಣಗಾಗುತ್ತದೆ, ಕಿವಿಗೇ ಗೊತ್ತಾಗುತ್ತದೆ. ಭಾನುವಾರ ಕ್ಯಾತ್ಸಂದ್ರದವರೆಗೆ ತುಳಿಯುತ್ತೇನೆ. ಅಲ್ಲಿ ತಟ್ಟೆ ಇಡ್ಲಿ ಹಬೆ, ಮುಂದೆ ಸಿದ್ಧಗಂಗಾ ಮಠದ ಮಕ್ಕಳ ಪ್ರಾರ್ಥನೆ. ಅಷ್ಟು ಮಕ್ಕಳ ದನಿ ಒಟ್ಟಿಗೆ ಕೇಳಿದರೆ ಸೈಕಲ್ ತಾನಾಗಿ ನಿಧಾನ ಆಗುತ್ತದೆ.

ಆ ಹೊತ್ತಲ್ಲಿ ನಾನೊಬ್ಬನೇ ಇರುವುದಿಲ್ಲ. ನನಗಿಂತ ಮುಂಚೆ ಎದ್ದವರು ಬೇಕಾದಷ್ಟು ಜನ. ಪೇಪರ್ ಹಾಕುವ ಹುಡುಗರು, ಹಾಲಿನವರು, ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೋಗುವ ಸೆಕ್ಯುರಿಟಿಯವರು. ಅಂತರಸನಹಳ್ಳಿ ಮಾರುಕಟ್ಟೆ ಕಡೆಯಿಂದ ಬರುವ ಒಬ್ಬ ಹಿರಿಯರು ಕ್ಯಾರಿಯರ್‌ಗೆ ಹಳೇ ಟ್ಯೂಬ್ ಬಿಗಿದು ಕೊತ್ತಂಬರಿ ಕಟ್ಟು ತರುತ್ತಾರೆ. ಸೊಪ್ಪಿನ ನೀರು ತೊಟ್ಟಿಕ್ಕಿ ಅವರ ಹಿಂದೆ ರಸ್ತೆ ಉದ್ದಕ್ಕೂ ಒಂದು ಗೆರೆ ಬಿದ್ದಿರುತ್ತದೆ. ನನಗೆ ಸೈಕಲ್ ಖುಷಿ. ಅವರಿಗೆ ಅದು ಅನ್ನ. 2006-07ರಲ್ಲಿ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ವಾ, ಆ ಯೋಜನೆಯ ಸೈಕಲ್‌ಗಳು ಇವತ್ತಿಗೂ ಕೆಲವರ ಹೊಟ್ಟೆ ಹೊರೆಯುತ್ತಿವೆ.

ಈಗ ವಿಷಯಕ್ಕೆ ಬರುತ್ತೇನೆ.

ಹೋದ ಡಿಸೆಂಬರ್‌ನಲ್ಲಿ ನಾನು ಬಿದ್ದೆ. ಊರಿನ ಒಂದು ದೊಡ್ಡ ರಸ್ತೆ, ಎಡಬದಿ. ಮಳೆನೀರು ಇಳಿಯಲು ಕಬ್ಬಿಣದ ಜಾಲರಿ ಹಾಕಿರುತ್ತಾರಲ್ಲ, ಅದರ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದವು. ನನ್ನ ಟೈರ್ ಅಗಲ 32 ಮಿಲಿಮೀಟರ್. ಸರಳುಗಳ ನಡುವೆ ನನ್ನ ಎರಡು ಬೆರಳು ಸಲೀಸಾಗಿ ಹೋಗುತ್ತವೆ, ಆಮೇಲೆ ಹೋಗಿ ಇಟ್ಟು ನೋಡಿದ್ದೇನೆ. ಮುಂದಿನ ಚಕ್ರ ಸಂದಿಯಲ್ಲಿ ಕಚ್ಚಿಕೊಂಡಿತು, ನಾನು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಎತ್ತಿ ಕೂರಿಸಿದವರು ಹಾಲಿನವರು. ‘ನಾನೂ ಇಲ್ಲೇ ಬಿದ್ದಿದ್ದೆ ಸಾರ್, ನಲವತ್ತು ಪ್ಯಾಕೆಟ್ ಒಡೆದು ಹೋಯ್ತು’ ಅಂದರು. ಮೊಣಕೈ ಗಾಯ ಹದಿನೈದು ದಿನದಲ್ಲಿ ಮಾಯಿತು. ಅವರ ನಲವತ್ತು ಪ್ಯಾಕೆಟ್ ಲೆಕ್ಕ ಮಾತ್ರ ನನ್ನ ತಲೆಯಿಂದ ಹೋಗಿಲ್ಲ.

ಯಾರ ತಪ್ಪು ಅಂತ ಕೇಳಲು ಬರೆಯುತ್ತಿಲ್ಲ. ಅದೇ ಜಾಲರಿಯನ್ನು ಅಡ್ಡ ತಿರುಗಿಸಿ ಕೂರಿಸಿದರೆ ಸಾಕು, ಚಕ್ರ ಸರಳುಗಳ ಮೇಲೆ ಉರುಳಿಕೊಂಡು ಹೋಗುತ್ತದೆ. ಚೌಕವಾಗಿದ್ದರೆ ಹೊಸದು ಬೇಕಾಗಿಯೇ ಇಲ್ಲ. ಉದ್ದ ಇರುವ ಕಡೆ ಮೇಲೆ ನಾಲ್ಕು ಅಡ್ಡಪಟ್ಟಿ ಬೆಸುಗೆ ಹಾಕಿಸಬಹುದು.

ಬೀದಿದೀಪದ ಮಾತೂ ಇದೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ. ನಮ್ಮ ದಾರಿಯಲ್ಲಿ ಕೆಲವು ಕಡೆ ಆರಕ್ಕೇ ದೀಪ ಆರುತ್ತದೆ. ಚಳಿಗಾಲದಲ್ಲಿ ಇನ್ನೊಂದು ಅರ್ಧ ಗಂಟೆ ಉರಿಯಲಿ.

ಇನ್ನೊಂದು ಆಸೆ ಇದೆ, ಹೇಳಿಬಿಡುತ್ತೇನೆ. ಕೊಲಂಬಿಯಾದ ಬೊಗೋಟಾ ನಗರದಲ್ಲಿ 1974ರಿಂದ ಭಾನುವಾರ ಮುಖ್ಯ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಸೈಕಲ್‌ನವರಿಗೆ, ನಡೆಯುವವರಿಗೆ ಬಿಡುತ್ತಾರೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಕಬ್ಬನ್ ಪಾರ್ಕ್ ಒಳಗೂ ಭಾನುವಾರ ವಾಹನ ಬಿಡುವುದಿಲ್ಲ. ನಮಗೆ ಎಂ.ಜಿ. ರಸ್ತೆ ಒಂದೇ ಸಾಕು. ಭಾನುವಾರ ಆರರಿಂದ ಎಂಟು. ಅಂಗಡಿಗಳು ಹೇಗೂ ಅಷ್ಟು ಬೇಗ ತೆಗೆಯುವುದಿಲ್ಲ. ಮಕ್ಕಳು ಸೈಕಲ್ ಕಲಿಯಲು ಜಾಗ ಇಲ್ಲದೆ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಸುತ್ತುವುದನ್ನು ನೋಡಿ ಬೇಜಾರಾಗುತ್ತದೆ.

2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ತುಮಕೂರಿನ ಹೆಸರು ಬಂದಾಗ ನಾವೆಲ್ಲ ಸಿಹಿ ಹಂಚಿದ್ದೆವು. ಆ ಖುಷಿ ನನಗೆ ಇನ್ನೂ ಇದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಆ ರಸ್ತೆಯ ಜಾಲರಿಗಳ ಫೋಟೊ, ಜಾಗದ ಗುರುತು ಎಲ್ಲ ನನ್ನ ಹತ್ತಿರ ಇದೆ. ನಿಮ್ಮ ಕಚೇರಿಗೆ ತಂದುಕೊಡುತ್ತೇನೆ. ದೀಪ, ಭಾನುವಾರದ ರಸ್ತೆ ಸ್ವಲ್ಪ ತಡವಾದರೂ ಪರವಾಗಿಲ್ಲ. ಜಾಲರಿ ಕೆಲಸ ಮಾತ್ರ ಮಳೆಗಾಲಕ್ಕೆ ಮುಂಚೆ ಆಗಬೇಕು. ಮೇಲೆ ನೀರು ನಿಂತರೆ ಅದು ಕಾಣುವುದೇ ಇಲ್ಲ.

ಇಂತಿ ನಿಮ್ಮ ಕ್ಷೇತ್ರದ ಮತದಾರ,
ಎಸ್.ಎಸ್. ಪುರಂನ ಒಬ್ಬ ಸೈಕಲ್ ಸವಾರ