ರಿಟ್ರ್ಯಾಕ್ಟರ್ ಹಿಡಿಯುವ ಕೈಗೆ

ಉಡುಪಿ
ಆಟಿಯ ಮಳೆ, ಮಧ್ಯಾಹ್ನ

ಪ್ರೀತಿಯ ಶ್ರಾವ್ಯಾ,

ನಿನ್ನ ಕಾಗದ ಬಂತು. ಹಾಸ್ಟೆಲಿನ ಊಟದ್ದು, ರಜೆಯದ್ದು ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯಾಗಿದೆ, ಅದು ಬಿಡು. ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, "ನಾನು ಹಿಡಿದ ರಿಟ್ರ್ಯಾಕ್ಟರಿನಿಂದಲೇ ಒಳಗೆ ಏನಾದರೂ ಹರಿದರೆ ದೊಡ್ಡಮ್ಮಾ?" ಅಂತ, ಅದು ನನ್ನ ನಿದ್ದೆ ಕೆಡಿಸಿತು.

ಆಪರೇಷನ್ನಿನಲ್ಲಿ ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ಸಲಕರಣೆ ಅಲ್ಲವೇ ಅದು, ಹರಿಯುವುದು ಉಂಟು ಮಗಾ, ಸುಳ್ಳು ಹೇಳಲಾರೆ. ಡೀವರ್ ಅನ್ನುವ ಬಾಗಿದ ರಿಟ್ರ್ಯಾಕ್ಟರ್ ಒತ್ತಿ ಲಿವರ್ ಹರಿಯುತ್ತದೆ. ಎಡಗಡೆ ಕರುಳನ್ನು ಜೋರಾಗಿ ಎಳೆದರೆ ಸ್ಪ್ಲೀನಿನ (ಗುಲ್ಮದ) ಹೊದಿಕೆ ಕಿತ್ತು ಬರುತ್ತದೆ. ಆದರೆ ಒಂದೇ ಸಮ ಹಿಡಿದ ಕೈಯಿಂದ ಇದು ಅಪರೂಪ. ಕೈ ಸೋತು ಸಡಿಲ ಬಿಟ್ಟು, ಸರ್ಜನ್ ಗದರಿಸಿದ ಕೂಡಲೇ ತಟ್ಟನೆ ಎಳೆಯುತ್ತೀರಲ್ಲ, ಆಗ ಹೆಚ್ಚು. ಬಾವಿಯಿಂದ ಕೊಡಪಾನ ಸೇದಿದ ಹಾಗೆ ತೋಳಿನಿಂದ ಎಳೆಯಬೇಡ. ಮೊಣಕೈ ಪಕ್ಕೆಗೆ ಒತ್ತಿರಲಿ, ಮೈಭಾರ ತುಸು ಹಿಂದಕ್ಕೆ ಹಾಕು. ರಿಟ್ರ್ಯಾಕ್ಟರಿನ ಬ್ಲೇಡಿನ, ಅಂದರೆ ಒತ್ತಿ ಹಿಡಿಯುವ ಚಪ್ಪಟೆ ಪಟ್ಟಿಯ, ಅಡಿಯಲ್ಲಿ ಸಲೈನಿನಲ್ಲಿ ಅದ್ದಿ ಹಿಂಡಿದ ಮಾಪ್ ಬಟ್ಟೆ ಇರಲಿ; ಒಣ ಮಾಪ್ ಕರುಳಿನ ಮೇಲ್ಪದರವನ್ನು ಉಜ್ಜಿಬಿಡುತ್ತದೆ. ಕೈ ಸೋತರೆ "ಸರ್, ಕೈ ಬದಲಿಸುತ್ತೇನೆ" ಅನ್ನು. ಬೈದರೆ ಬೈಯಲಿ.

ನನಗೆ ಹೆದರಿಕೆ ನಿನ್ನ ಕೈಯದ್ದಲ್ಲ. ಕೈಗೆ ದಣಿವಾದರೂ ಗೊತ್ತಾಗುತ್ತದೆ. ತಾನೇ ಕಚ್ಚಿಕೊಂಡು ನಿಲ್ಲುವ ಬಾಲ್ಫೋರ್ ರಿಟ್ರ್ಯಾಕ್ಟರಿಗೆ ಗೊತ್ತಾಗುವುದಿಲ್ಲ. ಹಿಸ್ಟರೆಕ್ಟಮಿಯಲ್ಲಿ, ಅಂದರೆ ಗರ್ಭಕೋಶ ತೆಗೆಯುವಾಗ, ಅದರ ಪಕ್ಕದ ಬ್ಲೇಡ್ ಆಳಕ್ಕೆ ಇಳಿದರೆ ಬೆನ್ನೆಲುಬಿನ ಪಕ್ಕದ ಸೋಯಾಸ್ ಸ್ನಾಯುವಿನ ಮೇಲೆ ಕೂರುತ್ತದೆ. ಅಲ್ಲೇ ತೊಡೆಗೆ ಇಳಿಯುವ ಫೀಮೊರಲ್ ನರ ಹಾದುಹೋಗುವುದು. ಹರಿಯುವುದೂ ಇಲ್ಲ, ರಕ್ತವೂ ಬರುವುದಿಲ್ಲ, ಯಾರಿಗೂ ಕಾಣಿಸುವುದಿಲ್ಲ. ಮರುದಿನ ಎದ್ದು ನಿಂತಾಗ ಮಂಡಿ ಕುಸಿಯುತ್ತದೆ, ತೊಡೆಯ ಮುಂಭಾಗ ಜೋಮು. ತೆಳ್ಳಗಿನವರಿಗೆ, ಅಡ್ಡ ಕೊಯ್ತಕ್ಕೆ, ತಾಸುಗಟ್ಟಲೆ ನಡೆಯುವ ಆಪರೇಷನ್ನಿಗೆ ಈ ಭಯ ಜಾಸ್ತಿ. ಹೆಚ್ಚಿನವರಿಗೆ ವಾಸಿಯಾಗುತ್ತದೆ, ಆದರೆ ವಾರಗಳು, ತಿಂಗಳುಗಳೇ ಬೇಕು.

ಬ್ಲೇಡ್ ಉದ್ದ ಆಯಿತು ಅಂತ ಸಲಕರಣೆಗಳ ಟ್ರಾಲಿಯ ಈಚೆ ನಿಂತು ಕಂಡೂ ನಾನು ಬಾಯಿ ಬಿಡದ ದಿನಗಳಿವೆ. ಅದನ್ನು ಪೂರ್ತಿ ಬರೆಯುವ ಧೈರ್ಯ ಈಗಲೂ ಇಲ್ಲ.

ನಿನ್ನ ಪ್ರೊಫೆಸರುಗಳು ಇದನ್ನೆಲ್ಲ ಹೇಳಿಯೇ ಇರುತ್ತಾರೆ, ಮುದುಕಿಯ ಚಾಳಿ ಅಂದುಕೋ. ಬ್ಲೇಡ್ ಹೊಟ್ಟೆಯ ಗೋಡೆಯನ್ನು ಹಿಡಿಯುವಷ್ಟೇ ಆಳ ಇದ್ದರೆ ಸಾಕು. ಬಿಗಿಯುವ ಮೊದಲು ಸುತ್ತ ಬೆರಳಾಡಿಸಿ ನೋಡಬೇಕು, ಬ್ಲೇಡಿಗೂ ಗೋಡೆಗೂ ನಡುವೆ ಕರುಳು ಸಿಕ್ಕಿರಬಾರದು. ತುದಿಗೂ ಸೋಯಾಸಿಗೂ ನಡುವೆ ಬೆರಳು ನುಸುಳಬೇಕು. ನುಸುಳದಿದ್ದರೆ ಗಿಡ್ಡ ಬ್ಲೇಡ್ ಕೇಳು, ಇಲ್ಲವೇ ಮೇಲಿನ ಅಂಚಿನಡಿ ಮಡಚಿದ ಟವೆಲ್ ಇಟ್ಟು ಎತ್ತರಿಸು. ಕೆಲಸ ಎಳೆಯಿತೆಂದರೆ ಆಗಾಗ ಸಡಿಲಿಸಿ ಮತ್ತೆ ಬಿಗಿಯಲಿ. ಕತ್ತಿನಲ್ಲಿ, ತೊಡೆಸಂದಿಯಲ್ಲಿ ವೈಟ್ಲೇನರ್ ಅನ್ನುವ ಹಲ್ಲಿನ ರಿಟ್ರ್ಯಾಕ್ಟರ್ ಹಾಕುವಾಗ ಮೊಂಡು ಹಲ್ಲಿನದ್ದನ್ನೇ ಕೇಳು. ಹಾಕುವ ಮೊದಲು ಹೊರಗೇ ಬಿಡಿಸಿ, ಲಾಕ್ ಮಾಡಿ, ಒಮ್ಮೆ ಒತ್ತಿ ನೋಡು, ಸವೆದ ಲಾಕ್ ಅಲ್ಲೇ ಜಾರುತ್ತದೆ.

ಹ್ಞಾಂ, ಬಾಲ್ಫೋರಿನ ನಡುಬ್ಲೇಡಿಗೆ ಕಿವಿಯಿರುವ ಒಂದು ನಟ್ಟು ಉಂಟು. ಹೊಟ್ಟೆ ಮುಚ್ಚುವ ಮೊದಲು ಮಾಪಿನ ಲೆಕ್ಕದ ಜತೆ ಅದರ ಲೆಕ್ಕವೂ ಆಗಲಿ. ತೊಳೆಯುವಾಗ ಬಿಡಿಬಿಡಿಯಾಗಿ ಬಿಚ್ಚಬೇಕು. ಸಂದಿಯಲ್ಲಿ ರಕ್ತ ಒಣಗಿ ಕೂತರೆ ಕ್ರಿಮಿ ಕೊಲ್ಲುವ 134 ಡಿಗ್ರಿಯ ಆಟೋಕ್ಲೇವ್ ಆದರೂ ಹಬೆ ಅದರೊಳಗೆ ಹೋಗುವುದಿಲ್ಲ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಗುರುವಾರ ನಿನಗೆ ಹಿಸ್ಟರೆಕ್ಟಮಿ ಕೇಸ್ ಉಂಟು ಅಂದಿದ್ದೀ. ಶುಕ್ರವಾರ ಬೆಳಿಗ್ಗೆ, ಆ ರೋಗಿ ಮಂಚದಿಂದ ಇಳಿಯುವ ಮೊದಲು, ಎರಡೂ ಮಂಡಿ ನೇರ ಮಾಡಿಸಿ ನೋಡು. ನೋಡಿಯಾದ ಮೇಲೆ ನನಗೊಂದು ಫೋನ್ ಮಾಡು, ನಾನು ಮನೆಯಲ್ಲೇ ಇರುತ್ತೇನೆ.

ನಿನ್ನ ದೊಡ್ಡಮ್ಮ