ಮಗಳಿಗೊಂದು ಪತ್ರ: ಅಜ್ಜನ ಮಳೆ ಪುಸ್ತಕ, ನನ್ನ ಬಾಡಿಗೆ ಸರ್ವರ್

ಪ್ರೀತಿಯ ಪುಟ್ಟಿ,

ಹೋದ ವಾರ ಫೋನಿನಲ್ಲಿ ನೀನು ಕೇಳಿದೆ, "ಅಮ್ಮಾ, ಅಜ್ಜನ ಮಳೆ ಲೆಕ್ಕ ಇಟ್ಟಿರೋ ಅಷ್ಟು ಸಣ್ಣ ವೆಬ್‌ಸೈಟಿಗೆ ತಿಂಗಳು ತಿಂಗಳು ಬಾಡಿಗೆ ಯಾಕೆ ಕಟ್ತೀಯ? ಫ್ರೀಯಾಗಿ ಇಡೋಕೆ ಬೇಕಾದಷ್ಟು ಜಾಗ ಇದೆ. ಒಂದು ಭಾನುವಾರ ಕೂತು ನಾನೇ ಬದಲಾಯಿಸಿ ಕೊಡ್ತೀನಿ" ಅಂತ. ಆಗ ಒಲೆ ಮೇಲೆ ಹಾಲಿತ್ತು. ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಹೊರಗೆ ಪುನರ್ವಸು ಮಳೆ ಹೊಯ್ಯುತ್ತಿದೆ. ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಇನ್ನೆರಡು ಗಂಟೆಯ ಚಾರ್ಜ್ ಇದೆ, ಸಾಕು.

ಕರೆಂಟ್ ಇಲ್ಲ ಅಂದೆನಲ್ಲ, ಬಾಡಿಗೆಯ ಕಥೆ ಅಲ್ಲಿಂದಲೇ ಶುರು. ಮೊದಲು ನಿನ್ನ ಹಳೇ ಕಂಪ್ಯೂಟರನ್ನೇ ಜಗಲಿಯ ಮೂಲೆಯಲ್ಲಿಟ್ಟು ಸರ್ವರ್, ಅಂದರೆ ಕೇಳಿದವರಿಗೆ ಪುಟ ಕೊಡುವ ಮಷೀನ್, ಮಾಡಿದ್ದೆ, ನೆನಪಿದೆಯಾ? ನಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಅದು ನಡೆಯುವ ಕೆಲಸ ಅಲ್ಲ. ಸಿಡಿಲಿಗೆ ಮೋಡೆಮ್ ಸುಟ್ಟಿತು. ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಮೊಬೈಲ್ ಇಂಟರ್ನೆಟ್ಟಿನಲ್ಲಿ ಎಷ್ಟೋ ಮನೆಗಳಿಗೆ ಸೇರಿ ಒಂದೇ ವಿಳಾಸ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರು ನಮ್ಮ ಮನೆ ಹುಡುಕಿಕೊಂಡು ಬರಲು ಆಗುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ನಿನ್ನ ಚಿಕ್ಕಪ್ಪನಿಗೆ ಊರಿನ ಮಳೆ ಕಾಣಬೇಕಾದರೆ ಬೇರೆ ಜಾಗ ಬೇಕೇ ಬೇಕಿತ್ತು.

ಹಾಗೆ ಹಿಡಿದದ್ದು ಈ ಸರ್ವರ್. ನೀನಿರುವ ಬೆಂಗಳೂರಲ್ಲೇ ಯಾವುದೋ ಡೇಟಾ ಸೆಂಟರಿನಲ್ಲಿದೆ. ಒಂದು ಕೋರ್, 1 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್. ಅದು ಇಡೀ ಮಷೀನ್ ಅಲ್ಲ, ದೊಡ್ಡ ಮಷೀನಿನ ಒಂದು ಪಾಲು. ದೊಡ್ಡ ಮನೆಯನ್ನು ಅಣ್ಣತಮ್ಮಂದಿರು ಹಿಸೆ ಮಾಡಿಕೊಂಡು, ಒಬ್ಬೊಬ್ಬರೂ ಬೇರೆ ಒಲೆ, ಬೇರೆ ಬೀಗ ಮಾಡಿಕೊಂಡ ಹಾಗೆ. ಹೀಗೆ ಹಿಸೆ ಮಾಡುವ ಕೆವಿಎಂ ಅನ್ನುವ ಏರ್ಪಾಡು 2007ರಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಒಳಗೇ ಸೇರಿತು. ಪಕ್ಕದ ಪಾಲಿನಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತಿಲ್ಲ. ನನ್ನ ಪಾಲಿನಲ್ಲಿ ಮಾತ್ರ ನಾನು ರೂಟ್, ಅಂದರೆ ಎಲ್ಲಾ ಅಧಿಕಾರ ಇರುವ ಯಜಮಾನಿ. ಬೇಕಾದ್ದು ಹಾಕಬಹುದು, ಬೇಡದ್ದು ಕೀಳಬಹುದು, ಎಲ್ಲಾ ಕೆಡವಿ ಹತ್ತು ನಿಮಿಷದಲ್ಲಿ ಹೊಸದಾಗಿ ಶುರು ಮಾಡಬಹುದು. ಶಿವಮೊಗ್ಗದಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯಬೇಕಾದರೂ ಓನರನ್ನು ಕೇಳಬೇಕಿತ್ತು. ನನಗೆ ಈ ಸ್ವಾತಂತ್ರ್ಯ ಎಷ್ಟು ಇಷ್ಟವಾಯಿತು ಅಂತ ನೀನೇ ಊಹಿಸು.

ಮೊದಲ ಸಲ ಒಳಗೆ ಹೋದ ರಾತ್ರಿ ಇನ್ನೂ ನೆನಪಿದೆ. ಕಪ್ಪು ಪರದೆ, ಒಂದು ಸಾಲು, ಮಿಣುಕುವ ಕರ್ಸರ್. ಬೇರೇನೂ ಇಲ್ಲ. ಹೊಸ ಮನೆಗೆ ಸಾಮಾನು ಬರುವ ಮೊದಲು ಒಳಗೆ ಹೋಗಿ ನಿಂತರೆ ನಮ್ಮ ಮಾತೇ ಪ್ರತಿಧ್ವನಿಸುತ್ತದಲ್ವಾ, ಹಾಗಿತ್ತು. ಡೆಬಿಯನ್ ಅನ್ನುವ ಲಿನಕ್ಸ್ ಹಾಕಿದ್ದೆ. ಏನೇನು ನಡೆಯುತ್ತಿದೆ ಅಂತ ಪಟ್ಟಿ ತೆಗೆದು, ಗೊತ್ತಿಲ್ಲದ ಒಂದೊಂದು ಹೆಸರಿನ ಬಗ್ಗೆಯೂ ಓದಿದೆ. ಹದಿನೈದು ದಿನ ಹಿಡಿಯಿತು. ಈಗ ಅಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಂ ಯಾಕಿದೆ ಅಂತ ನನಗೆ ಗೊತ್ತು. ನನ್ನ ಫೋನಿನ ಬಗ್ಗೆ ಹಾಗೆ ಹೇಳಲಾರೆ. ನನಗೆ ಸಿಗುವ ಖುಷಿಯ ಬೇರು ಇಲ್ಲೇ ಇದೆ, ಪುಟ್ಟಿ. ಪೂರ್ತಿ ಗೊತ್ತು ಮಾಡಿಕೊಳ್ಳಬಹುದಾದಷ್ಟು ಸಣ್ಣ ಜಾಗ ಅದು.

ಎರಡನೇ ದಿನ ಲಾಗ್, ಅಂದರೆ ಏನೇನಾಯಿತು ಅಂತ ಮಷೀನ್ ಬರೆದಿಡುವ ದಿನಚರಿ, ತೆಗೆದು ನೋಡಿ ಹೆದರಿಬಿಟ್ಟೆ. ಈ ವಿಳಾಸವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಆದರೂ ರಾತ್ರಿಯಿಡೀ ಯಾರ‍್ಯಾರೋ ಬಾಗಿಲು ಬಡಿದಿದ್ದರು. ರೂಟ್, ಅಡ್ಮಿನ್, ಟೆಸ್ಟ್ ಅಂತ ಒಂದೊಂದೇ ಹೆಸರು ಹಾಕಿ ಪಾಸ್‌ವರ್ಡ್ ಊಹಿಸುತ್ತಿದ್ದರು. ಆಮೇಲೆ ಓದಿದಾಗ ಅರ್ಥವಾಯಿತು. ಹಳೇ ಮಾದರಿಯ ಇಂಟರ್ನೆಟ್ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅವನ್ನೆಲ್ಲ ಒಂದೇ ಮಷೀನಿನಿಂದ 45 ನಿಮಿಷದೊಳಗೆ ತಟ್ಟಿ ನೋಡಬಹುದು ಅಂತ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿದ್ದರು. ಹಾಗಾಗಿ ನಾನು ಯಾರು ಅಂತ ಯಾರಿಗೂ ಬೇಕಾಗಿಲ್ಲ. ಬೀದಿಯ ಎಲ್ಲಾ ಬಾಗಿಲು ತಳ್ಳಿ ನೋಡುವವರು ನಮ್ಮದನ್ನೂ ತಳ್ಳುತ್ತಾರೆ, ಅಷ್ಟೇ.

ಅವತ್ತೇ ಪಾಸ್‌ವರ್ಡ್ ತೆಗೆದು ಕೀ ಮಾತ್ರ ಇಟ್ಟೆ. ಕೀ ಅಂದರೆ ನನ್ನ ಲ್ಯಾಪ್‌ಟಾಪಿನಲ್ಲಿರುವ ಒಂದು ಗುಟ್ಟಿನ ಫೈಲು, ಅದಿದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ದೂರದ ಮಷೀನಿನ ಒಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಹುಟ್ಟಿದ ಕಥೆ ನಿನಗೆ ಗೊತ್ತಾ? 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿಸಿಕೊಂಡಿದ್ದರು. ಆಗ ಬಳಕೆಯಲ್ಲಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಕಾಗದದ ಹಾಗೆ ಹೋಗುತ್ತಿತ್ತು. ಅಲ್ಲಿಯ ಟಾಟು ಯ್ಲೊನೆನ್ ಅನ್ನುವವರು ಅದನ್ನು ನೋಡಿ ಬೇಸತ್ತು ಇದನ್ನು ಬರೆದರು, ಬರೆದು ಎಲ್ಲರಿಗೂ ಕೊಟ್ಟರು. ಆ ಮನುಷ್ಯನ ಸಿಟ್ಟಿನಿಂದ ನಾನು ಈ ಕಾಡಿನ ಮಧ್ಯದಿಂದ ಬೆಂಗಳೂರಿನ ಮಷೀನಿನ ಜೊತೆ ಗುಟ್ಟಾಗಿ ಮಾತಾಡುತ್ತಿದ್ದೇನೆ. ಬರೀ ಅಕ್ಷರ ಹೋಗಿ ಬರುವುದರಿಂದ ಒಂದೇ ಗೆರೆ ಸಿಗ್ನಲ್ ಇದ್ದರೂ ನಡೆಯುತ್ತದೆ. ನಡುವೆ ಸಿಗ್ನಲ್ ಹೋದರೂ ಚಿಂತೆಯಿಲ್ಲ. ಟಿಮಕ್ಸ್ ಅನ್ನುವ ಪ್ರೋಗ್ರಾಂ ಹಾಕಿಟ್ಟರೆ ನಾನು ಬಿಟ್ಟ ಕೆಲಸ ಅಲ್ಲೇ ಕಾಯುತ್ತಿರುತ್ತದೆ. ಮತ್ತೆ ಹೋದಾಗ ಅರ್ಧ ಬರೆದ ಸಾಲು ಹಾಗೇ ಇರುತ್ತದೆ.

ತಪ್ಪುಗಳೂ ಆದವು. ಫೈರ್‌ವಾಲ್ ಅನ್ನುವ ಕಾವಲು ಹಾಕುವಾಗ, ಎಸ್‌ಎಸ್‌ಎಚ್ ಬರುವ ದಾರಿಯಾದ 22ನೇ ಪೋರ್ಟ್ ತೆರೆದಿಡುವುದನ್ನು ಮರೆತು ಆನ್ ಮಾಡಿದೆ. ಬಾಗಿಲು ಮುಚ್ಚಿತು, ಕೀ ಕೈಯಲ್ಲಿದ್ದರೂ ನಾನು ಹೊರಗೆ. ಕಂಪನಿಯವರ ವೆಬ್‌ಸೈಟಿನಲ್ಲಿ ಕನ್ಸೋಲ್ ಅಂತ ಒಂದು ಹಿತ್ತಿಲ ಬಾಗಿಲಿದೆ ಅಂತ ಆಗ ಗೊತ್ತಾಯಿತು. ಅದನ್ನು ಮೊದಲೇ ನೋಡಿಟ್ಟುಕೋ, ಬೇಕಾದಾಗ ಹುಡುಕಬೇಡ.

ನಿಜವಾಗಿ ನೋವು ಕೊಟ್ಟದ್ದು ಇನ್ನೊಂದು. ಅಜ್ಜನ ಮಳೆ ಪುಸ್ತಕದಲ್ಲಿ ಅಂಕಿಗಳ ಪಕ್ಕ ಷರಾ ಇರುತ್ತದಲ್ಲ, "ಹೊಳವಾಯಿತು, ಕೊಳೆ ಔಷಧಿ ಹೊಡೆಸಿದೆ", "ಹಳ್ಳ ತುಂಬಿ ಸಂಕ ಹೋಯಿತು" ಅಂತೆಲ್ಲ. ಹೊಳ ಅಂದರೆ ಮಳೆಯ ನಡುವಿನ ಬಿಡುವು, ಕೊಳೆ ಅಂದರೆ ಅಡಿಕೆಗೆ ಬರುವ ರೋಗ, ಸಂಕ ಅಂದರೆ ಹಳ್ಳ ದಾಟುವ ಕಾಲುಸೇತುವೆ, ಮರೆತಿಲ್ಲ ತಾನೇ? ಒಂದು ತಿಂಗಳು ಕೂತು ನಾಲ್ಕು ವರ್ಷದ ಪುಸ್ತಕ ಟೈಪ್ ಮಾಡಿದ್ದೆ. ಆಮೇಲೆ ತೆರೆದು ನೋಡಿದರೆ ಅಂಕಿಗಳಿವೆ, ಕನ್ನಡವಿದ್ದ ಕಡೆ ಬರೀ ಪ್ರಶ್ನೆ ಚಿಹ್ನೆ. ಡೇಟಾಬೇಸಿನ ಆ ಟೇಬಲ್ ಲ್ಯಾಟಿನ್ ಅಕ್ಷರಗಳಿಗೆ ಅಂತ ಸೆಟ್ ಆಗಿತ್ತು, ನಾನು ನೋಡಿರಲಿಲ್ಲ. ಒಂದು ಸಲ ಪ್ರಶ್ನೆ ಚಿಹ್ನೆಯಾಗಿ ಕೂತ ಮೇಲೆ ಮೂಲ ಅಕ್ಷರ ವಾಪಸ್ ಬರುವುದಿಲ್ಲ. ಅವತ್ತು ಊಟ ಸೇರಲಿಲ್ಲ. ಮತ್ತೆ ಮೊದಲಿಂದ ಟೈಪ್ ಮಾಡಿದೆ. ಆದರೆ ಅದರಿಂದಲೇ, ಎಲ್ಲಾ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಅಂದರೇನು ಅಂತ ಕಲಿತೆ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. "ಮಳೆ" ಅಂದರೆ ಮ, ಳ, ಎತ್ವ, ಒಟ್ಟು ಒಂಬತ್ತು ಬೈಟ್. ಈಗ ಎಲ್ಲವನ್ನೂ ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸಿಗೆ ಹಾಕಿದ್ದೇನೆ. 1971ರಿಂದ ಇಲ್ಲಿಯವರೆಗೆ 19,000ಕ್ಕೂ ಜಾಸ್ತಿ ದಿನಗಳು, ಒಂದೇ ಫೈಲು. ಅಜ್ಜನ ಅರ್ಧ ಆಯುಸ್ಸಿನ ಬರವಣಿಗೆ ನೀನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಒಂದು ವಿಡಿಯೋದಷ್ಟೂ ತೂಕವಿಲ್ಲ.

ಈಗ ನಿನ್ನ ಫ್ರೀ ಜಾಗದ ಮಾತಿಗೆ ಬರುತ್ತೇನೆ. ಅಲ್ಲಿ ಚೆಂದದ ಗ್ರಾಫ್ ಸಿಗುತ್ತದೆ, ನೋಡಿದ್ದೇನೆ. ಜೂನ್ ಎಷ್ಟು, ಜುಲೈ ಎಷ್ಟು ಅಂತ ತೋರಿಸುತ್ತದೆ. ಆದರೆ ನಮ್ಮೂರಲ್ಲಿ ಯಾರು ಜುಲೈ ಮಳೆ ಅಂತಾರೆ ಹೇಳು? ಆರಿದ್ರಾ ಹೇಗಿತ್ತು, ಪುಷ್ಯ ಹಿಡಿಯಿತಾ, ಆಶ್ಲೇಷದಲ್ಲಿ ಹೊಳ ಕೊಟ್ಟಿತಾ ಅಂತ ಕೇಳುತ್ತಾರೆ. ನನ್ನ ಸರ್ವರ್ ಆ ಲೆಕ್ಕ ಕೊಡುತ್ತದೆ. ಯುಗಾದಿಯಲ್ಲಿ ಹೊಸ ಪಂಚಾಂಗ ಬಂದ ಕೂಡಲೇ 27 ಮಳೆ ನಕ್ಷತ್ರಗಳ ದಿನಾಂಕ ನಾನೇ ಹಾಕುತ್ತೇನೆ. ಸುಮಾರು ಹದಿನಾಲ್ಕು ದಿನಕ್ಕೊಂದು ಮಳೆ. ಅಜ್ಜ ಬರೆದದ್ದು ಇಂಚು, ಸೆಂಟ್ಸ್ ಲೆಕ್ಕದಲ್ಲಿ, ನಾನು ಬರೆಯುವುದು ಮಿಲಿಮೀಟರಿನಲ್ಲಿ. ಅವರ 3 ಇಂಚು 40 ಸೆಂಟ್ಸ್ ನನ್ನ ಪುಟದಲ್ಲಿ 86.4 ಮಿಲಿಮೀಟರ್ ಅಂತ ಪಕ್ಕದಲ್ಲೇ ಕಾಣುತ್ತದೆ. ಕೊಳೆ ಔಷಧಿ ಹೊಡೆದು ಎಷ್ಟು ದಿನವಾಯಿತು, ಆಮೇಲೆ ಎಷ್ಟು ಮಳೆ ಬಿತ್ತು ಅನ್ನುವುದಕ್ಕೂ ಒಂದು ಸಾಲು ಇದೆ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಎರಡನೇ ಸುತ್ತು 40-45 ದಿನಕ್ಕೆ ಆಗಬೇಕಲ್ವಾ. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ನಮ್ಮ ಕೊನೆಗೌಡರು ಈಗ ಬರುವ ಮುಂಚೆ ಫೋನಿನಲ್ಲಿ ಅದನ್ನೇ ನೋಡುತ್ತಾರೆ. ಇದನ್ನೆಲ್ಲ ಯಾವ ಕಂಪನಿ ನಮಗೋಸ್ಕರ ಮಾಡುತ್ತದೆ? ಮಾಡಬೇಕು ಅಂತ ನಾನು ಕೇಳುವುದೂ ಇಲ್ಲ. ನನ್ನ ಜಾಗ ಇದೆ, ನಾನು ಮಾಡಿಕೊಂಡೆ.

ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ. ಫೋನಿನಿಂದ ಅಂಕಿ ಹಾಕುತ್ತೇನೆ. 9 ಗಂಟೆಗೆ, ಹೇಳಿದ ಹೊತ್ತಿಗೆ ಕೆಲಸ ಮಾಡುವ ಕ್ರಾನ್ ಅನ್ನುವ ಪ್ರೋಗ್ರಾಂ ಎದ್ದು ಪುಟವನ್ನು ಹೊಸದು ಮಾಡುತ್ತದೆ. ಮೊದಮೊದಲು ಮಧ್ಯಾಹ್ನ ಎರಡೂವರೆಗೆ ಬದಲಾಗುತ್ತಿತ್ತು, ಯಾಕೆ ಅಂತ ಮೂರು ದಿನ ತಲೆ ಕೆಡಿಸಿಕೊಂಡೆ. ಸರ್ವರಿನ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು, ನಮಗಿಂತ ಐದೂವರೆ ಗಂಟೆ ಹಿಂದೆ. ಉತ್ತರ ಸಿಕ್ಕಾಗ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಅಂಥ ಖುಷಿ ದುಡ್ಡಿಗೆ ಸಿಗುವುದಿಲ್ಲ.

ಉಳಿದ ಕೆಲಸ ಹೇಳುವಷ್ಟಿಲ್ಲ. ಎಂಜಿನ್ಎಕ್ಸ್ ಅನ್ನುವ ಪ್ರೋಗ್ರಾಂ ಕೇಳಿದವರಿಗೆ ಪುಟ ಕೊಡುತ್ತದೆ. ಪುಟ ಗುಟ್ಟಾಗಿ ಹೋಗಿ ಬರಲು ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಕೊಡುತ್ತದೆ, ಪುಕ್ಕಟೆ, 90 ದಿನದ ಸರ್ಟಿಫಿಕೇಟ್, ತಾನೇ ನವೀಕರಿಸಿಕೊಳ್ಳುತ್ತದೆ. ರಾತ್ರಿ ಊಟವಾದ ಮೇಲೆ ತೋಟಕ್ಕೆ ಒಂದು ಸುತ್ತು ಹಾಕುವ ಹಾಗೆ ಒಳಗೆ ಹೋಗಿ ಬರುತ್ತೇನೆ. ಡಿಸ್ಕ್ ಎಷ್ಟು ತುಂಬಿದೆ, ಯಾರು ಬಾಗಿಲು ಬಡಿದರು, ಹೊಸ ಅಪ್‌ಡೇಟ್ ಏನು. ನನ್ನ ಸರ್ವರ್ ಎರಡು ವರ್ಷದಿಂದ ನಿಂತೇ ಇಲ್ಲ ಅಂತ ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸಾಮಾನ್ಯವಾಗಿ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಹೊಸದಾಗಬೇಕಾದರೆ ಮಷೀನ್ ಒಂದು ಸಲ ಮಲಗಿ ಏಳಬೇಕು.

ಇಮೇಲ್ ಸರ್ವರ್ ಮಾತ್ರ ನಾನು ಇಟ್ಟಿಲ್ಲ, ನೀನೂ ಇಡಬೇಡ. ಹೊಸ ವಿಳಾಸದಿಂದ ಹೋದ ಪತ್ರ ಸ್ಪ್ಯಾಮಿಗೆ ಬೀಳುವುದೇ ಜಾಸ್ತಿ, ಆ ಜಗಳಕ್ಕೆ ಕೊನೆಯಿಲ್ಲ. ಬ್ಯಾಕಪ್ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ಬಾಡಿಗೆ ನಿಂತರೆ ಸರ್ವರ್ ಹೋಯಿತು, ಅಲ್ವಾ? ದಿನಾ ರಾತ್ರಿ ಆರ್‌ಸಿಂಕ್ ಅನ್ನುವ ಪ್ರೋಗ್ರಾಂ ಲ್ಯಾಪ್‌ಟಾಪಿಗೆ ಎಲ್ಲವನ್ನೂ ತರುತ್ತದೆ. ಬದಲಾದಷ್ಟನ್ನೇ ತರುವುದರಿಂದ ನಮ್ಮ ನೆಟ್‌ವರ್ಕಿಗೂ ಭಾರವಾಗುವುದಿಲ್ಲ. ತಿಂಗಳಿಗೊಮ್ಮೆ ಪೆನ್ ಡ್ರೈವಿಗೆ ಹಾಕಿ ಅಕ್ಕಿ ಡಬ್ಬಿಯ ಪಕ್ಕ ಇಡುತ್ತೇನೆ.

ತಿಂಗಳಿಗೆ ಐನೂರು ರೂಪಾಯಿ ಹತ್ತಿರ ಆಗುತ್ತದೆ, ನಿಜ. ಆದರೆ ಅಜ್ಜ ಮಳೆ ಬರೆಯಲು ಶುರು ಮಾಡಿದ 1971ರಲ್ಲಿ ಈ ತೋಟ ಅವರದಾಗಿರಲಿಲ್ಲ, ಗೇಣಿಗೆ ಮಾಡುತ್ತಿದ್ದರು. ಅವರ ಹೆಸರಿಗೆ ಬಂದದ್ದು 1974ರ ಭೂ ಸುಧಾರಣೆ ಕಾನೂನು ಆದ ಮೇಲೆ. ಗೇಣಿಯ ಜಾಗದಲ್ಲೇ ಬಸಿಗಾಲುವೆ ತೆಗೆದರು, ಸಸಿ ನೆಟ್ಟರು, ದಿನಾ ಬೆಳಿಗ್ಗೆ ಮಳೆ ಅಳೆದರು. ನಾನು ಬಾಡಿಗೆ ಕಟ್ಟುವಾಗ ಪ್ರತಿ ತಿಂಗಳೂ ಅದು ನೆನಪಾಗುತ್ತದೆ.

ನಿನ್ನ ಹೆಸರಲ್ಲಿ ಅಲ್ಲಿ ಒಂದು ಯೂಸರ್ ಮಾಡಿಟ್ಟಿದ್ದೇನೆ. ಬದಲಾಯಿಸಿ ಕೊಡುವ ಆ ಭಾನುವಾರವನ್ನು ಇದಕ್ಕೆ ಕೊಡು. ಕೀ ಜೋಡಿ ಮಾಡಿಕೊಂಡು, ಹೆಸರಿನ ಕೊನೆಯಲ್ಲಿ 'ಪಬ್' ಅಂತ ಇರುವ, ಬೇರೆಯವರಿಗೆ ಕೊಡಬಹುದಾದ ಫೈಲನ್ನು ನನಗೆ ಕಳಿಸು. ಇನ್ನೊಂದನ್ನು ಯಾರಿಗೂ ಕೊಡಬೇಡ, ನನಗೂ ಬೇಡ. ಒಳಗೆ ಬಂದ ಮೇಲೆ ನಿನಗೊಂದು ಕೆಲಸ ಇದೆ. 1987ರ ಪುಸ್ತಕ ಇನ್ನೂ ಪೂರ್ತಿ ಏರಿಲ್ಲ. ಆರಿದ್ರಾ ಮಳೆಯ ಎರಡು ಹಾಳೆ ನೆಂದು ಅಂಕಿ ಮಸುಕಾಗಿದೆ. 3 ಯಾವುದು, 8 ಯಾವುದು ಅಂತ ನನ್ನ ಕಣ್ಣಿಗೆ ಗೊತ್ತಾಗುತ್ತಿಲ್ಲ. ಹಾಳೆಗಳ ಫೋಟೋ ತೆಗೆದು ನಿನ್ನ ಫೋಲ್ಡರಿನಲ್ಲಿ ಇಟ್ಟಿರುತ್ತೇನೆ.

ನಿನ್ನ
ಅಮ್ಮ